ಸಿಪಾಯಿಯ ಆಯುಧ ಮತ್ತು ಸರಕಾರದ ಹೊಣೆ

ಯುದ್ಧವನ್ನು ಸಾರುವ ಅಧಿಕಾರವು ಸರಕಾರದ್ದು. ಯುದ್ಧದಲ್ಲಿ ಪ್ರಾಣವನ್ನೊಪ್ಪಿಸುವ ಕರ್ತವ್ಯವು ಸಿಪಾಯಿಯದು. ಈ ಅಧಿಕಾರಕ್ಕೂ ಈ ಕರ್ತವ್ಯಕ್ಕೂ ನಡುವೆ ಒಂದು ಕರಾರು ಉಂಟು. ಅದನ್ನು ಯಾವ ಮುದ್ರೆಯ ಕಾಗದದ ಮೇಲೂ ಬರೆದಿಲ್ಲವಾದರೂ ಲೋಕದ ಎಲ್ಲ ಸೈನ್ಯಗಳೂ ಅದರ ಮೇಲೆಯೇ ನಿಂತಿವೆ. ಹೋಗೆಂದ ಕಡೆಗೆ ಸಿಪಾಯಿಯು ಮರುಮಾತಿಲ್ಲದೆ ಹೋಗತಕ್ಕದ್ದು. ಅದಕ್ಕೆ ಪ್ರತಿಯಾಗಿ ಸರಕಾರವು ಅವನ ಕೈಗೆ ಶತ್ರುವಿನ ಆಯುಧಕ್ಕೆ ಸರಿದೊರೆಯಾದ ಆಯುಧವನ್ನೂ, ಮೈಗೆ ಆ ನೆಲದ ಹವೆಗೆ ತಕ್ಕ ಬಟ್ಟೆಯನ್ನೂ, ಹೊಟ್ಟೆಗೆ ಅನ್ನವನ್ನೂ, ಗಾಯಕ್ಕೆ ಔಷಧವನ್ನೂ ಒದಗಿಸತಕ್ಕದ್ದು. ಮೊದಲನೆಯ ಪಕ್ಷದವನು ತನ್ನ ಮಾತಿಗೆ ತಪ್ಪಿದರೆ ಸೈನಿಕ ನ್ಯಾಯಸ್ಥಾನವು ಅವನನ್ನು ವಿಚಾರಿಸುತ್ತದೆ. ಎರಡನೆಯ ಪಕ್ಷವು ತಪ್ಪಿದರೆ ಅದನ್ನು ವಿಚಾರಿಸುವವರು ಯಾರು? ಇದೇ ನಾವು ಇಂದು ವಾಚಕರ ಮುಂದಿಡಬಯಸುವ ಪ್ರಶ್ನೆ.

ನಮ್ಮ ದೇಶದ ಸಿಪಾಯಿಗಳ ವಿಷಯದಲ್ಲಿ ಈ ಕರಾರು ಬಹಿರಂಗವಾಗಿ ಮುರಿದುಬಿದ್ದ ಎರಡು ಪ್ರಸಂಗಗಳನ್ನು ನಾವು ಆರಿಸಿಕೊಳ್ಳುತ್ತೇವೆ. ಒಂದು 1915-16ರ ಮೆಸೊಪೊಟೇಮಿಯದ್ದು. ಆಗ ಸರಕಾರವು ಪರಕೀಯರದು. ಇನ್ನೊಂದು 1962ರ ಹಿಮಾಲಯದ್ದು. ಆಗ ಸರಕಾರವು ನಮ್ಮದೇ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಂತೋಷಕ್ಕಿಂತ ಸಂಕೋಚಕ್ಕೇ ಹೆಚ್ಚು ಕಾರಣ ದೊರೆಯುತ್ತದೆ. ಆದರೂ ನೋಡದಿರುವುದು ಹೇಡಿತನವಾದೀತು.

ಮೊದಲನೆಯ ಮಹಾಯುದ್ಧವು ಆರಂಭವಾದ 1914ರಲ್ಲಿಯೇ ಹಿಂದುಸ್ಥಾನದ ಸೈನ್ಯದ ಒಂದು ಭಾಗವು ಪರ್ಷಿಯದ ಕೊಲ್ಲಿಯ ತುದಿಯಲ್ಲಿ ಇಳಿದು ನವಂಬರದಲ್ಲಿ ಬಸ್ರಾ ಪಟ್ಟಣವನ್ನು ಹಿಡಿಯಿತು. ಆಗಿನ ಉದ್ದೇಶವು ಪರಿಮಿತವಾಗಿತ್ತು: ಕೊಲ್ಲಿಯ ದಾರಿಯನ್ನೂ ಎಣ್ಣೆಯ ಕಾರಖಾನೆಗಳನ್ನೂ ಕಾಯುವುದು. ಆದರೆ ಸುಲಭವಾದ ಗೆಲವು ಆಸೆಯನ್ನು ಬೆಳೆಯಿಸುತ್ತದೆ. ಟೈಗ್ರಿಸ್ ನದಿಯ ಗುಂಟ ಮುಂದೆ ಮುಂದೆ ಹೋಗುತ್ತ 1915ರ ಕೊನೆಯ ಹೊತ್ತಿಗೆ ಬಾಗ್ದಾದನ್ನೇ ಹಿಡಿಯಬೇಕೆಂಬ ಹಂಬಲವು ಲಂಡನ್ನಿನಲ್ಲಿಯೂ ಸಿಮ್ಲೆಯಲ್ಲಿಯೂ ಹುಟ್ಟಿತು. ಗಾಲಿಪೊಲಿಯಲ್ಲಿ ಕಳೆದುಕೊಂಡ ಮಾನವನ್ನು ಬಾಗ್ದಾದಿನಲ್ಲಿ ಗಳಿಸಿಕೊಳ್ಳುವ ಆತುರ ಅದರ ಹಿಂದೆ ಇತ್ತು. ದಂಡಿನ ಮುಂದಾಳಾದ ಟೌನ್ಸೆಂಡನಿಗೇ ತನ್ನ ಬಲವು ಆ ಕೆಲಸಕ್ಕೆ ಸಾಲದೆಂಬ ಅಳುಕು ಇದ್ದಿತು. ಅದನ್ನು ಅವನು ಮೇಲಿನವರಿಗೆ ತಿಳಿಸಿಯೂ ಇದ್ದನು. ಆದರೂ ಆಜ್ಞೆಯು ಹೊರಟಿತು.

ಆ ದೇಶದಲ್ಲಿ ಆಗ ರಸ್ತೆಯಿಲ್ಲ, ರೈಲಿಲ್ಲ, ನದಿಯೊಂದೇ ದಾರಿ. ನದಿಯಲ್ಲಿ ಓಡಾಡುವ ಹಡಗುಗಳೋ ಬೆರಳೆಣಿಕೆಯವು. ಬಸ್ರಾದಲ್ಲಿ ಬಂದಿಳಿದ ಜನವೂ ಸಾಮಾನೂ ಅಲ್ಲಿಯೇ ಬಿದ್ದುಕೊಂಡಿರಬೇಕು. ನೂರಾರು ಮೈಲಿ ಮೇಲೆ ಹೋರಾಡುವವನಿಗೆ ಅದು ಇದ್ದೂ ಇಲ್ಲದಂತೆ. 1915ರ ನವಂಬರದಲ್ಲಿ ಟೆಸಿಫನ್ನಿನ ಹತ್ತಿರ ಘೋರ ಯುದ್ಧವಾಯಿತು. ಗಾಯಗೊಂಡವರು ಸಾವಿರಾರು ಮಂದಿ. ಅವರಿಗಾಗಿ ಏರ್ಪಡಿಸಿದ್ದ ವೈದ್ಯಕೀಯ ಅನುಕೂಲತೆಯೋ ಕೆಲವು ನೂರು ಜನರಿಗೂ ನೆಟ್ಟಗೆ ಸಾಲುವಂಥದಲ್ಲ. ಸ್ಪ್ರಿಂಗುಗಳಿಲ್ಲದ ಸಾಮಾನಿನ ಗಾಡಿಗಳಲ್ಲಿ ಮೂಳೆ ಮುರಿದವರನ್ನು ಒಟ್ಟಿ, ಕೊರಕಲು ನೆಲದ ಮೇಲೆ ನದಿಯ ದಂಡೆಗೆ ಸಾಗಿಸಿದರು. ಅಲ್ಲಿಂದ ಕಿಕ್ಕಿರಿದ ಹಡಗುಗಳಲ್ಲಿ ಹಾಸಿಗೆಯಿಲ್ಲದೆ, ಶುಶ್ರೂಷೆಯಿಲ್ಲದೆ, ದಿನಗಟ್ಟಲೆ ಪ್ರಯಾಣ. ಬಸ್ರಾದಲ್ಲಿ ಅಂಥ ಒಂದು ಹಡಗು ಬಂದು ನಿಂತಾಗ ಅದರ ದುಃಸ್ಥಿತಿಯನ್ನು ಕಣ್ಣಾರೆ ಕಂಡು ಇದ್ದುದನ್ನು ಇದ್ದಂತೆ ವರದಿ ಮಾಡಿದವನು ಮೇಜರ್ ಕಾರ್ಟರನೆಂಬ ವೈದ್ಯಾಧಿಕಾರಿ. ಅವನಿಗೆ ಮೇಲಧಿಕಾರಿಗಳಿಂದ ಮೊದಲು ದೊರೆತದ್ದು ಬೆದರಿಕೆ! ಗಾಯಾಳುಗಳನ್ನು ಹಾಗೆ ಸಾಗಿಸಿದವರಿಗೆ ಆಗದ ನಾಚಿಕೆಯು ಅದನ್ನು ಹೊರಗೆಡಹಿದವನ ವಿಷಯದಲ್ಲಿ ಕೋಪವಾಗಿ ಪರಿಣಮಿಸಿತು. ಅಧಿಕಾರಿವರ್ಗದ ಈ ಸ್ವಭಾವವನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಒಂದು ಕಾಲದ್ದಾಗಲಿ ಒಂದು ಜಾತಿಯದಾಗಲಿ ಅಲ್ಲ.

ಹಿಮ್ಮೆಟ್ಟಿದ ದಂಡು ಕುತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದಿತು. ಡಿಸೆಂಬರದಿಂದ ಮುಂದಿನ ವರ್ಷದ ಏಪ್ರಿಲ್ ಕೊನೆಯವರೆಗೆ, ಸುಮಾರು ಐದು ತಿಂಗಳು, ತುರ್ಕರ ಮುತ್ತಿಗೆ. ಒಳಗೆ ಹಸಿವು, ರಕ್ತದೋಷ, ಜ್ವರ. ಕುದುರೆಯ ಮಾಂಸವನ್ನು ತಿನ್ನಲು ನಮ್ಮ ಸಿಪಾಯಿಗಳಲ್ಲಿ ಅನೇಕರು ಬಹುಕಾಲ ಒಪ್ಪಲಿಲ್ಲ. ಮುತ್ತಿಗೆಯನ್ನು ಬಿಡಿಸಲು ಹೊರಗಿನಿಂದ ಮಾಡಿದ ಪ್ರಯತ್ನಗಳಲ್ಲಿ ಸತ್ತವರೂ ಗಾಯಗೊಂಡವರೂ ಸುಮಾರು 23,000. ಕಡೆಗೆ 1916ರ ಏಪ್ರಿಲ್ 29ರಂದು ಸುಮಾರು 13,000 ಜನರು ಶರಣಾಗತರಾದರು. ಅವರಲ್ಲಿ ಬಹುಪಾಲು ನಮ್ಮವರು. 103, 110, 117ನೆಯ ಮರಾಠಾ ಪಲಟಣಿಗಳೂ ಅವರಲ್ಲಿದ್ದವು. ಆ ಪಲಟಣಿಗಳ ಪರಂಪರೆಯನ್ನು ಹೊತ್ತ ಮರಾಠಾ ಪದಾತಿದಳದ ಶಿಕ್ಷಣಕೇಂದ್ರವು 1922ರಿಂದ ನಮ್ಮ ಬೆಳಗಾವಿಯಲ್ಲಿಯೇ ನೆಲೆಸಿದೆ. ಕುತ್ ನಮಗೆ ಅಷ್ಟೇನೂ ದೂರದ ಊರಲ್ಲ.

ಮುಂದೆ ನಡೆದುದನ್ನೂ ಹೇಳುವುದು ನ್ಯಾಯ. ಯುದ್ಧದ ನಿರ್ವಾಹವನ್ನು ಲಂಡನ್ನಿನ ಯುದ್ಧಕಚೇರಿಯು ತನ್ನ ಕೈಗೆ ತೆಗೆದುಕೊಂಡಿತು. ಬಸ್ರಾದಲ್ಲಿ ಬಂದರವನ್ನು ಕಟ್ಟಿದರು, ನದಿಗೆ ಹಡಗುಗಳನ್ನು ತರಿಸಿದರು, ರೈಲುಹಳಿ ಹಾಕಿದರು, ಆಸ್ಪತ್ರೆಗಳನ್ನು ಎಬ್ಬಿಸಿದರು, ದಂಡಿನ ಸಂಖ್ಯೆಯನ್ನೂ ಹೆಚ್ಚಿಸಿದರು. 1917ರ ಫೆಬ್ರುವರಿಯಲ್ಲಿ ಕುತ್ ಮರಳಿ ಕೈಸೇರಿತು. ಮಾರ್ಚ್ 11ರಂದು ಬಾಗ್ದಾದು ಬಿದ್ದಿತು. ಹಿಂದಿನ ವರ್ಷ ಸೋತವನೂ ಹಿಂದುಸ್ಥಾನದ ಸಿಪಾಯಿಯೇ. ಈ ವರ್ಷ ಗೆದ್ದವನೂ ಹಿಂದುಸ್ಥಾನದ ಸಿಪಾಯಿಯೇ. ಅಂದಮೇಲೆ ಕೊರತೆಯು ಎದೆಯಲ್ಲಿ ಇರಲಿಲ್ಲ, ಏರ್ಪಾಟಿನಲ್ಲಿತ್ತೆಂಬುದು ನಿರ್ವಿವಾದ.

ಇದಕ್ಕಿಂತಲೂ ಮುಖ್ಯವಾದ ಮಾತು ಬೇರೊಂದಿದೆ. ಯುದ್ಧವು ಇನ್ನೂ ಉರಿಯುತ್ತಿರುವಾಗಲೇ ಬ್ರಿಟಿಷ್ ಪಾರ್ಲಿಮೆಂಟು ಒಂದು ವಿಚಾರಣಾಮಂಡಲಿಯನ್ನು ನೇಮಿಸಿತು. ಆ ಮಂಡಲಿಯು ವೈಸರಾಯ್ ಆಗಿದ್ದ ಲಾರ್ಡ್ ಹಾರ್ಡಿಂಜನನ್ನೂ ಹಿಂದುಸ್ಥಾನದ ಮುಖ್ಯ ಸೇನಾಧಿಪತಿಯನ್ನೂ ದೋಷಮುಕ್ತರೆಂದು ಬಿಡಲಿಲ್ಲ. 1917ರ ಜೂನಿನಲ್ಲಿ ಅದರ ವರದಿಯು ಅಚ್ಚಾಗಿ ಜನರ ಕೈಸೇರಿತು. ಹಿಂದುಸ್ಥಾನದ ಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲೇನನು ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟನು. ಅವನ ಸ್ಥಳಕ್ಕೆ ಮಾಂಟೇಗ್ಯೂ ಬಂದನು. ಆಗಸ್ಟ್ 20ರಂದು ಜವಾಬುದಾರಿ ಸರಕಾರದ ಪ್ರಸಿದ್ಧ ಘೋಷಣೆಯು ಹೊರಬಿದ್ದಿತು. ಆ ಘೋಷಣೆಗೆ ಕಾರಣಗಳು ಹಲವು. ಆದರೆ ಸಿಮ್ಲೆಯ ಆಡಳಿತವು ಮಹಾದಕ್ಷವೆಂಬ ಕೀರ್ತಿಯು ಟೈಗ್ರಿಸ್ ದಂಡೆಯಲ್ಲಿ ಒಡೆದುದೂ ಅವುಗಳಲ್ಲಿ ಒಂದೆಂಬುದನ್ನು ಮರೆಯಲಾಗದು. ಪರರ ಸರಕಾರವು ತನ್ನ ತಪ್ಪನ್ನು ಯುದ್ಧದ ನಡುವೆಯೇ ಅಚ್ಚುಹಾಕಿಸಿತು. ಹಾಗೆ ಮಾಡಿದುದರಿಂದ ಅದು ಯುದ್ಧವನ್ನು ಸೋಲಲಿಲ್ಲ.

ಈಗ ಎರಡನೆಯ ಪ್ರಸಂಗಕ್ಕೆ ಬರೋಣ. ಇದನ್ನು ಬರೆಯುವಾಗ ಲೇಖಣಿಯು ಅಷ್ಟು ಸರಾಗವಾಗಿ ಓಡದು. ಏಕೆಂದರೆ ಇಲ್ಲಿ ದೂರಬೇಕಾದವರು ನಮ್ಮವರೇ, ನಾವು ಪೂಜ್ಯರೆಂದು ತಿಳಿದವರೇ.

ಚೀನದೊಡನೆ ಗಡಿಯ ತಂಟೆಯು 1959ರಿಂದಲೇ ಬಿಸಿಯೇರಿತ್ತು. ಆಗ ಸೈನ್ಯದ ಮುಖ್ಯಸ್ಥರಾಗಿದ್ದವರು ಕೊಡಗಿನ ವೀರಪುತ್ರ ಜನರಲ್ ತಿಮ್ಮಯ್ಯನವರು. ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಹೊಂದಿಕೆಯಾಗದೆ ಅವರು ಅದೇ ವರ್ಷ ರಾಜೀನಾಮೆಯನ್ನು ಕೊಟ್ಟರು. ಪ್ರಧಾನಿ ನೆಹರೂರವರ ಮಾತಿಗೆ ಕಟ್ಟುಬಿದ್ದು ಅದನ್ನು ಹಿಂದಕ್ಕೆ ಪಡೆದರು. 1961ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷದ ನವಂಬರದಲ್ಲಿ ಸರಕಾರವು ಗಡಿಯಲ್ಲಿ ಮುಂದೊತ್ತಿ ಠಾಣ್ಯಗಳನ್ನು ಹಾಕುವ ನೀತಿಯನ್ನು ಕೈಕೊಂಡಿತು. ಚೀನದವರು ಯುದ್ಧಕ್ಕೆ ಇಳಿಯಲಾರರೆಂಬ ನಂಬಿಕೆಯೇ ಈ ನೀತಿಯ ತಳಹದಿ. ನಂಬಿಕೆಯು ಸುಳ್ಳಾದರೆ ಮಾಡತಕ್ಕದ್ದೇನು ಎಂಬುದಕ್ಕೆ ಸಿದ್ಧತೆಯು ಇರಲಿಲ್ಲ.

1962ರ ಸೆಪ್ಟೆಂಬರ್ 8ರಂದು ಈಶಾನ್ಯದ ಗಡಿಯಲ್ಲಿ ನಮ್ಮ ಧೋಲಾ ಠಾಣ್ಯದ ಮೇಲೆ ಚೀನೀಯರ ಒತ್ತಡ ಬಿದ್ದಿತು. ಥಾಗ್ ಲಾ ಬೆಟ್ಟದ ಸಾಲಿನಿಂದ ಅವರನ್ನು ಹೊರದೂಡಬೇಕೆಂಬ ತೀರ್ಮಾನವಾಯಿತು. ಸೇನಾಧಿಪತಿಯು ಬರೆವಣಿಗೆಯಲ್ಲಿ ಆಜ್ಞೆಯನ್ನು ಬೇಡಿದಾಗ ಸೆಪ್ಟೆಂಬರ್ 22ರಂದು ಅದು ದೊರೆತದ್ದು ರಕ್ಷಣಾಖಾತೆಯ ಒಬ್ಬ ಜಂಟಿ ಕಾರ್ಯದರ್ಶಿಯ ರುಜುವಿನಲ್ಲಿ! ಪ್ರಧಾನಿಯೂ ರಕ್ಷಣಾಮಂತ್ರಿಯೂ ಆಗ ಪರದೇಶದಲ್ಲಿದ್ದರು. ಅಕ್ಟೋಬರ್ 12ರಂದು ಸಿಂಹಳಕ್ಕೆ ಹೊರಟ ನೆಹರೂರವರು ನಮ್ಮ ನೆಲವನ್ನು ತೆರವು ಮಾಡಿಸಲು ಸೈನ್ಯಕ್ಕೆ ಅಪ್ಪಣೆಯಾಗಿದೆಯೆಂದು ಪತ್ರಿಕೆಯವರಿಗೆ ತಿಳಿಸಿದರು. ಮಾತು ದೊಡ್ಡದು. ಆ ಮಾತನ್ನು ನಡೆಯಿಸಿಕೊಡಬೇಕಾದವರ ಸ್ಥಿತಿ ಏನಿತ್ತು?

ನಾಮ್ಕಾ ಚು ಎಂಬ ಹೊಳೆಯ ಕಣಿವೆಯಲ್ಲಿ ಬ್ರಿಗೇಡಿಯರ್ ದಳವಿಯವರ 7ನೆಯ ಬ್ರಿಗೇಡು ನಿಂತಿತ್ತು. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗಳಿಗೂ ಮೇಲಿನ ನೆಲ. ಮೈಮೇಲೆ ಬಯಲುಸೀಮೆಯ ಹತ್ತಿಯ ಬಟ್ಟೆ. ಕೈಯಲ್ಲಿ ಒಂದೊಂದು ಗುಂಡಿಗೂ ಒಮ್ಮೊಮ್ಮೆ ಚಿಲಕವನ್ನೆಳೆಯಬೇಕಾದ ಹಳೆಯ .303 ಬಂದೂಕು, ಎದುರಿನವನ ಕೈಯಲ್ಲಿ ತಾನಾಗಿ ಗುಂಡು ತುಂಬಿಕೊಳ್ಳುವ ಹೊಸ ಬಂದೂಕು. ಆಳೊಂದಕ್ಕೆ ಇದ್ದ ಕಾಡತೂಸು ಸುಮಾರು 50. ಅಲ್ಲಿಗೆ ರಸ್ತೆಯಿಲ್ಲದ ಕಾರಣ ವಿಮಾನದಿಂದ ತ್ಸಾಂಗ್‌ಧರ್ ಎಂಬ ಎತ್ತರದ ಬಯಲಿಗೆ ಸಾಮಾನನ್ನು ಎಸೆಯುತ್ತಿದ್ದರು. ಅದರಲ್ಲಿ ಬಹುಭಾಗವು ಕೊರಕಲುಗಳ ಪಾಲಾಗುತ್ತಿತ್ತು. ಅಕ್ಟೋಬರ್ 20ರ ಬೆಳಗಿನ ಜಾವ ಚೀನೀ ಸೈನ್ಯವು ಮೇಲೆಬಿದ್ದಿತು. ಕೆಲವೇ ತಾಸುಗಳಲ್ಲಿ ಬ್ರಿಗೇಡು ಒಡೆದುಹೋಯಿತು. ಎರಡು ದಿನಗಳ ತರುವಾಯ ದಳವಿಯವರೇ ಸೆರೆಸಿಕ್ಕರು. ನವಂಬರದಲ್ಲಿ ಸೇಲಾ, ಬೊಮ್ಡಿಲಾಗಳೂ ಹೋದವು.

ಹೋರಾಡಲಾರದವರು ಸೋತರೆಂದು ಯಾರಾದರೂ ಎಣಿಸಿದರೆ ಅವರಿಗೆ ಲಡಾಖಿನ ರೆಜಾಂಗ್ ಲಾ ಎಂಬ ಕಣಿವೆಯ ಬಾಯಿಯನ್ನು ತೋರಿಸಬೇಕು. ನವಂಬರ್ 18ರಂದು ಅಲ್ಲಿ 13ನೆಯ ಕುಮಾಂವ್ ಪಲಟಣಿಯ ಸುಮಾರು 120 ಜನರು ಮೇಜರ್ ಶೈತಾನ್ ಸಿಂಗರ ಮುಂದಾಳುತನದಲ್ಲಿ ನಿಂತಲ್ಲಿಯೇ ನಿಂತರು. ಅವರಲ್ಲಿ ನೂರಕ್ಕೂ ಮಿಕ್ಕಿ ಜನ ಅಲ್ಲಿಯೇ ಬಿದ್ದರು. ಹಿಮವು ಕರಗತೊಡಗಿದಾಗ ಮುಂದಿನ ವರ್ಷ ಅವರ ಹೆಣಗಳು ದೊರೆತವು. ಮರಗಟ್ಟಿದ ಕೈಗಳು ಇನ್ನೂ ಆಯುಧವನ್ನು ಬಿಟ್ಟಿರಲಿಲ್ಲ. ಅವರು ತಮ್ಮ ಪಾಲಿನ ಕರಾರನ್ನು ಕೊನೆಯ ಅಕ್ಷರದವರೆಗೂ ಸಲ್ಲಿಸಿದರು.

ಚೀನವು ನವಂಬರ್ 21ರಂದು ತಾನಾಗಿಯೇ ಯುದ್ಧವನ್ನು ನಿಲ್ಲಿಸಿತು. ಸರಕಾರದ ಲೆಕ್ಕದಂತೆ ನಮ್ಮ ಕಡೆ ಸತ್ತವರು 1,383, ಕಾಣೆಯಾದವರು 1,696, ಸೆರೆಸಿಕ್ಕವರು 3,968. ಆ ದಿನಗಳಲ್ಲಿ ದೇಶದ ಹೆಣ್ಣುಮಕ್ಕಳು ಮೈಮೇಲಿನ ಬಂಗಾರವನ್ನು ಬಿಚ್ಚಿ ರಕ್ಷಣಾನಿಧಿಗೆ ಕೊಟ್ಟರು. ಮನೆಮನೆಗಳಲ್ಲಿ ಉಣ್ಣೆಯ ಅಂಗಿಗಳನ್ನು ಹೆಣೆದರು. ಆ ತ್ಯಾಗವು ಪವಿತ್ರವಾದುದು. ಆದರೆ ಗಡಿಯ ಸಿಪಾಯಿಗೆ ಬೆಚ್ಚನೆಯ ಅಂಗಿಯಿಲ್ಲವೆಂಬ ಸಂಗತಿಯು ಮನೆಯಲ್ಲಿ ಕುಳಿತ ಗೃಹಿಣಿಗೆ ಮುಟ್ಟಿದ ಮೇಲೆ ಖಜಾನೆಗೆ ಮುಟ್ಟಿತೆಂದರೆ ಅದಕ್ಕೆ ಏನೆನ್ನೋಣ? ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ನಮ್ಮ ಹಿರಿಯರ ಗಾದೆಯು ಇಂಥದಕ್ಕೇ ಹುಟ್ಟಿರಬೇಕು. ಮೆನನ್ನರು ಮಂತ್ರಿಮಂಡಲವನ್ನು ಬಿಟ್ಟರು. ಯಶವಂತರಾವ್ ಚವಾಣರು ರಕ್ಷಣಾಖಾತೆಯನ್ನು ವಹಿಸಿಕೊಂಡರು. ಯುದ್ಧಸಾಮಗ್ರಿಯ ಉತ್ಪಾದನೆಗೆಂದು ಪ್ರತ್ಯೇಕ ಇಲಾಖೆಯು ಅದೇ ನವಂಬರದಲ್ಲಿ ಸ್ಥಾಪಿತವಾಯಿತು. ಬೆಟ್ಟದ ಯುದ್ಧಕ್ಕೆಂದೇ ಹೊಸ ಡಿವಿಜನ್ನುಗಳು ಸಿದ್ಧವಾದವು. ಇಷಾಪುರದ ಕಾರಖಾನೆಯಿಂದ ಹೊಸ ಮಾದರಿಯ ಬಂದೂಕುಗಳು ಹೊರಬಂದವು. ಇವೆಲ್ಲವೂ ಸಾಧ್ಯವಿತ್ತೆಂಬುದು ಮಾಡಿದ ಮೇಲೆ ತಾನೆ ಗೊತ್ತಾಯಿತು!

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳತಕ್ಕದ್ದಿದೆ. ದೇಶವು ಬಡದೇಶ, ಆಗತಾನೆ ದಾಸ್ಯದಿಂದ ಬಿಡುಗಡೆ ಹೊಂದಿದ್ದಿತು, ಅಣೆಕಟ್ಟುಗಳಿಗೂ ಶಾಲೆಗಳಿಗೂ ಬೇಕಾದ ಹಣವನ್ನು ಬಂದೂಕಿಗೆ ಸುರಿಯುವುದು ಹೇಗೆಂದು ಆಗಿನ ಮುಖಂಡರು ಯೋಚಿಸಿದುದು ತಪ್ಪೆ? ತಪ್ಪಲ್ಲವೆಂದೇ ನಾವು ಹೇಳುತ್ತೇವೆ. ಬಡತನವು ಅಪರಾಧವಲ್ಲ. ಆದರೆ ಬಡತನವನ್ನು ಮರೆತು ಶ್ರೀಮಂತನ ಆಜ್ಞೆಯನ್ನು ಹೊರಡಿಸುವುದು ಅಪರಾಧ. ಹಾಸಿಗೆಯಿದ್ದಷ್ಟು ಕಾಲುಚಾಚೆಂಬ ಮಾತು ಸಂಸಾರಿಗೆ ಹೇಗೋ ರಾಜನೀತಿಗೂ ಹಾಗೆಯೇ ಸಲ್ಲುತ್ತದೆ. ಸಾಧನವು ಅಲ್ಪವಾಗಿದ್ದರೆ ಉದ್ದೇಶವನ್ನು ಕಿರಿದುಮಾಡಬೇಕು. ಉದ್ದೇಶವನ್ನು ಬಿಡಲಾಗದಿದ್ದರೆ ಸಾಧನವನ್ನು ಹೆಚ್ಚಿಸಬೇಕು. ಎರಡೂ ಆಗದಿದ್ದರೆ ಕಾಲವನ್ನು ಕಾಯಬೇಕು. ಈ ಮೂರನ್ನೂ ಬಿಟ್ಟು ಬರಿಯ ಆಜ್ಞೆಯಿಂದ ಆ ಅಂತರವನ್ನು ತುಂಬಹೊರಟರೆ ಅದನ್ನು ತುಂಬುವುದು ಸಿಪಾಯಿಯ ದೇಹವೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚವಾಣರು 1963ರ ಸೆಪ್ಟೆಂಬರ್ 2ರಂದು ಪಾರ್ಲಿಮೆಂಟಿನಲ್ಲಿ ಹೇಳಿಕೆ ಕೊಟ್ಟಾಗ ಸಾಮಗ್ರಿಯ ಕೊರತೆಯಿದ್ದುದನ್ನು ಒಪ್ಪಿಕೊಂಡರು. ಆದರೆ ಅನೇಕ ಸಂದರ್ಭಗಳಲ್ಲಿ ದೇಶದಲ್ಲಿ ಎಲ್ಲಿಯೋ ಇದ್ದ ಸಾಮಗ್ರಿಯನ್ನು ಬಯಲಿನ ಕೊನೆಯ ಠಾಣ್ಯದಿಂದ ಬೆಟ್ಟದ ಮೇಲಿನ ದಂಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೇ ಕಷ್ಟವಾಯಿತೆಂಬ ತಾತ್ಪರ್ಯವನ್ನೂ ತಿಳಿಸಿದರು. ಇದು ಬಸ್ರಾದ ಕಥೆಯೇ ಅಲ್ಲವೆ? ಅಲ್ಲಿ ಬಂದರದಲ್ಲಿ ಇದ್ದು ನದಿಯ ಮೇಲಿನವನಿಗೆ ಇಲ್ಲ; ಇಲ್ಲಿ ಬಯಲಿನಲ್ಲಿ ಇದ್ದು ಬೆಟ್ಟದವನಿಗೆ ಇಲ್ಲ. ಉಗ್ರಾಣದ ಪುಸ್ತಕದಲ್ಲಿ ಜಮೆಯಾದ ಕಾಡತೂಸಿನಿಂದ ಯಾವ ಶತ್ರುವೂ ಸತ್ತಿಲ್ಲ. ಆದುದರಿಂದ ಸೈನ್ಯವನ್ನು ಸಜ್ಜುಗೊಳಿಸುವುದೆಂದರೆ ಬಂದೂಕನ್ನು ಮಾಡಿಸುವುದಷ್ಟೇ ಅಲ್ಲ. ರಸ್ತೆ, ಸೇತುವೆ, ಹೇಸರಗತ್ತೆ, ವಿಮಾನ, ಆಸ್ಪತ್ರೆ ಇವೆಲ್ಲವನ್ನೂ ಆಜ್ಞೆಗಿಂತ ಮೊದಲು ಸಿದ್ಧಪಡಿಸುವುದು. 46 ವರ್ಷಗಳ ಹಿಂದೆ ಟೈಗ್ರಿಸ್ ನದಿಯ ಮೇಲೆ ರಕ್ತದಲ್ಲಿ ಬರೆದ ಪಾಠವನ್ನು ನಾವು ಓದಿಯೇ ಇರಲಿಲ್ಲ.

ಸರಕಾರವು ಸರಿಯಾಗಿ ನಡೆದರೆ ಫಲವೇನೆಂಬುದಕ್ಕೂ ನಮ್ಮಲ್ಲಿ ನಿದರ್ಶನವಿದೆ. 1971ರ ಏಪ್ರಿಲಿನಲ್ಲಿ ಪೂರ್ವಬಂಗಾಳದಿಂದ ನಿರಾಶ್ರಿತರು ಹರಿದುಬರುತ್ತಿದ್ದಾಗ ಒಡನೆಯೇ ಯುದ್ಧ ಹೂಡಬೇಕೆಂಬ ಒತ್ತಾಯ ಹೆಚ್ಚಿತ್ತು. ಮಳೆಗಾಲವು ಎದುರಿಗಿದೆ, ಸೈನ್ಯವು ಸಿದ್ಧವಾಗಿಲ್ಲ, ಕಾಲಾವಕಾಶ ಬೇಕೆಂದು ತಾವು ಸ್ಪಷ್ಟವಾಗಿ ಹೇಳಿದುದಾಗಿ ಸೇನಾಧಿಪತಿ ಮಾಣೆಕ್ ಶಾರವರು ಮುಂದೆ ತಿಳಿಸಿದ್ದಾರೆ. ಇಂದಿರಾ ಗಾಂಧಿಯವರ ಸರಕಾರವು ಕಾದಿತು. ನದಿಗಳು ಇಳಿದವು, ಉತ್ತರದ ಕಣಿವೆಗಳು ಹಿಮದಿಂದ ಮುಚ್ಚಿದವು, ಸಾಮಗ್ರಿಯು ಮುಂದಿನ ನೆಲೆಗಳನ್ನು ಮುಟ್ಟಿತು. ಡಿಸೆಂಬರ್ 3ರಂದು ಆರಂಭವಾದ ಯುದ್ಧವು 16ರಂದು ಮುಗಿಯಿತು. ಸುಮಾರು 93,000 ಜನರು ಶರಣಾದರು. ಸಿಪಾಯಿಯ ಧೈರ್ಯವು 1962ರಲ್ಲಿಯೂ ಇದ್ದಿತು, 1971ರಲ್ಲಿಯೂ ಇದ್ದಿತು. 1971ರಲ್ಲಿ ಅದರ ಜತೆಗೆ ಸರಕಾರದ ವಿವೇಕವೂ ಕೂಡಿತು.

ಇನ್ನು ಲೇಖನದ ಮೊದಲಿನ ಪ್ರಶ್ನೆಗೆ ಹಿಂದಿರುಗುತ್ತೇವೆ: ಸರಕಾರವು ಕರಾರನ್ನು ಮುರಿದರೆ ವಿಚಾರಿಸುವವರು ಯಾರು? 1962ರ ಸೋಲನ್ನು ಕುರಿತು ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಇವರು 1963ರಲ್ಲಿ ವಿಚಾರಣೆ ಮಾಡಿ ವರದಿಯನ್ನು ಒಪ್ಪಿಸಿದರು. ಪಾರ್ಲಿಮೆಂಟಿಗೆ ದೊರೆತದ್ದು ಅದರ ಸಾರಾಂಶವೆನ್ನಬಹುದಾದ ಚವಾಣರ ಹೇಳಿಕೆ ಮಾತ್ರ. ಆ ಮೇಲೆ ಎಷ್ಟೋ ಪಕ್ಷಗಳು ಅಧಿಕಾರಕ್ಕೆ ಬಂದವು, ಇಳಿದವು. ವಿರೋಧಪಕ್ಷದಲ್ಲಿ ಕುಳಿತಾಗ ವರದಿಯನ್ನು ಕೇಳಿದವರೇ ಗಾದಿಗೇರಿದ ಮೇಲೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದರ ಸಂಗತಿಗಳು ಇಂದಿಗೂ ಸೂಕ್ಷ್ಮವಾದವೆಂದು 2010ರಲ್ಲಿ ಸರಕಾರವು ಪಾರ್ಲಿಮೆಂಟಿಗೆ ತಿಳಿಸಿತು. 2014ರಲ್ಲಿ ಅದರ ದೊಡ್ಡ ಭಾಗವನ್ನು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪರದೇಶದ ಪತ್ರಕರ್ತನು ಬಯಲು ಮಾಡಿದನು. ಚೀನಕ್ಕೂ ಗೊತ್ತಿರುವ ಗುಟ್ಟನ್ನು ಸರಕಾರವು ಯಾರಿಂದ ಮರೆಮಾಡುತ್ತಿದೆ? ಸತ್ತವರ ಮಕ್ಕಳಿಂದ, ಮೊಮ್ಮಕ್ಕಳಿಂದ! ಪರಕೀಯ ಸರಕಾರವು ಒಂದು ವರ್ಷದಲ್ಲಿ ಮಾಡಿದುದನ್ನು ಸ್ವಕೀಯ ಸರಕಾರವು ಅರುವತ್ತು ವರ್ಷ ಕಳೆದರೂ ಮಾಡಲಿಲ್ಲವೆಂದು ಬರೆಯುವಾಗ ನಮಗೆ ನೋವಾಗುತ್ತದೆ.

ಪ್ರಕಟಣೆಯಿಂದ ಅನರ್ಥವಾದೀತೆಂಬ ಭೀತಿಯು ನಿರಾಧಾರವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. 1999ರ ಕಾರ್ಗಿಲ್ ಯುದ್ಧವು ಮುಗಿದೊಡನೆ ಕೆ. ಸುಬ್ರಹ್ಮಣ್ಯಂರವರ ಅಧ್ಯಕ್ಷತೆಯಲ್ಲಿ ಸಮಿತಿಯು ಏರ್ಪಟ್ಟಿತು. ಕೆಲವು ಭಾಗಗಳನ್ನು ಮಾತ್ರ ತಡೆದಿಟ್ಟು ಅದರ ವರದಿಯನ್ನು 2000ನೆಯ ಇಸವಿಯಲ್ಲಿ ಪಾರ್ಲಿಮೆಂಟಿನ ಮುಂದೆ ಇಟ್ಟರು. ಆಕಾಶವು ಕಳಚಿಬೀಳಲಿಲ್ಲ, ಸೈನ್ಯವು ಎದೆಗುಂದಲಿಲ್ಲ. ತಪ್ಪನ್ನು ಓದಿದ ಸೈನ್ಯವು ಬಲವಾಗುತ್ತದೆ; ತಪ್ಪನ್ನು ಬಚ್ಚಿಟ್ಟ ಸರಕಾರವು ಅದನ್ನೇ ಮತ್ತೆ ಮಾಡುತ್ತದೆ. ಎತ್ತರದ ಹಿಮಪ್ರದೇಶದಲ್ಲಿ ಕಾಯುವವರಿಗೆ ಬೇಕಾದ ಬೂಟು, ಹಿಮಕನ್ನಡಕ, ಉಡುಪು ಇವುಗಳ ಸರಬರಾಯಿಯಲ್ಲಿ ಆದ ವಿಳಂಬವನ್ನು ಮಹಾಲೇಖಪಾಲರ ಒಂದು ವರದಿಯು ಎತ್ತಿತೋರಿಸಿತು. ಅದು ಪಾರ್ಲಿಮೆಂಟಿನ ಮುಂದೆ ಬಂದದ್ದು 2020ರಲ್ಲಿ, 1962ರಲ್ಲಿ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ವಾಚಕರಲ್ಲಿ ಸರಕಾರಿ ಕಚೇರಿಗಳ ಅಧಿಕಾರಿಗಳು ಅನೇಕರಿದ್ದಾರೆ. ಅವರಿಗೆ ನಮ್ಮದೊಂದು ವಿನಂತಿ. ಟೆಂಡರಿನ ಒಂದು ಕಡತವು ಮೇಜಿನಿಂದ ಮೇಜಿಗೆ ಹೋಗಲು ತಿಂಗಳು ಹಿಡಿದರೆ ಕಚೇರಿಯಲ್ಲಿ ಯಾರಿಗೂ ಚಳಿಯಾಗುವುದಿಲ್ಲ. ಆದರೆ ಆ ಕಡತದ ಕೊನೆಯ ಹಾಳೆಯ ಆಚೆಗೆ, ಹದಿನಾರು ಸಾವಿರ ಅಡಿಗಳ ಮೇಲೆ, ಒಬ್ಬನು ನಿಂತಿದ್ದಾನೆ. ಅವನು ವಿಚಾರಣಾಮಂಡಲಿಯನ್ನು ಕೇಳುವುದಿಲ್ಲ, ಪತ್ರಿಕೆಗೆ ಬರೆಯುವುದಿಲ್ಲ. ಹೋಗೆಂದರೆ ಹೋಗುತ್ತಾನೆ. ಅವನ ಪರವಾಗಿ ಕೇಳಬೇಕಾದವರು ನಾವು. 1963ರ ವರದಿಯನ್ನು ಸರಕಾರವು ತಾನಾಗಿಯೇ ಅಚ್ಚುಹಾಕಿಸಿ ಪ್ರಜೆಗಳ ಮುಂದಿಡಲಿ. ಸತ್ತವರಿಗೆ ಅದರಿಂದ ಜೀವ ಬರದು, ನಿಜ. ಆದರೆ ಅವರು ಸಲ್ಲಿಸಿದ ಕರಾರಿನ ಇನ್ನೊಂದು ಪಕ್ಷವು ಯಾರೆಂಬುದು ದೇಶಕ್ಕೆ ತಿಳಿದೀತು.